ಸಮ ಅಂತರದ ಗಂಡಿಗಳು: ಅಂಗಡಿ ರ್‍ಯಾಕಿನ ಚರಿತ್ರೆ

ಸೂಪರ್‌ಮಾರ್ಕೆಟ್ಟುಗಳಲ್ಲಿ ಸಾಬೂನು, ಬಿಸ್ಕತ್ತುಗಳನ್ನು ಜೋಡಿಸಿಟ್ಟ ಉಕ್ಕಿನ ರ್‍ಯಾಕುಗಳನ್ನು ನಾವೆಲ್ಲ ನೋಡಿದ್ದೇವೆ. ಅವುಗಳ ಕಂಬದಲ್ಲಿ ಮೇಲಿನಿಂದ ಕೆಳಗಿನವರೆಗೆ ಸಮ ಅಂತರದಲ್ಲಿ ಕೊರೆದ ಸಣ್ಣ ಗಂಡಿಗಳ ಸಾಲನ್ನು ಗಮನಿಸಿದವರು ಕಡಿಮೆ. ಆ ರ್‍ಯಾಕಿನ ಮುಖ್ಯ ಆವಿಷ್ಕಾರ ಹಲಗೆಯಲ್ಲ, ಕಂಬವೂ ಅಲ್ಲ. ಗಂಡಿಯಿಂದ ಗಂಡಿಗೆ ಇರುವ ಬದಲಾಗದ ಅಂತರವೇ ಆ ಆವಿಷ್ಕಾರ.

ಈ ವಿಚಾರ ಮೊದಲು ಜನಪ್ರಿಯವಾದದ್ದು ಆಟಿಕೆಯಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ ಅರ್ಧ ಅಂಗುಲಕ್ಕೊಂದರಂತೆ ರಂಧ್ರಗಳಿದ್ದ ಲೋಹದ ಪಟ್ಟಿಗಳಿಗೆ 1901ರಲ್ಲಿ ಪೇಟೆಂಟ್ ಪಡೆದರು. ಇದೇ ಮುಂದೆ 'ಮೆಕ್ಯಾನೊ' ಎಂದು ಹೆಸರಾಯಿತು. ಅಂತರ ಒಂದೇ ಆದುದರಿಂದ ಯಾವ ಪಟ್ಟಿಯಾದರೂ ಮತ್ತೊಂದಕ್ಕೆ ಕೂಡಿಕೊಳ್ಳುತ್ತಿತ್ತು. ಅದೇ ತುಂಡುಗಳಿಂದ ಇಂದು ಸೇತುವೆ, ನಾಳೆ ಕ್ರೇನ್ ಕಟ್ಟಬಹುದಾಗಿತ್ತು.

ಅಂಗಡಿಗೆ ಇಂಥ ರಚನೆ ಏಕೆ ಬೇಕಾಯಿತು? ಹಿಂದೆ ಗಿರಾಕಿ ಕೇಳಿದ ವಸ್ತುವನ್ನು ಅಂಗಡಿಯವನೇ ತೆಗೆದುಕೊಡುತ್ತಿದ್ದ. ಗೋಡೆಗೆ ಬಡಗಿ ಹೊಡೆದ ಕಪಾಟು ಸಾಕಾಗುತ್ತಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ಸ್ವಸೇವಾ ಅಂಗಡಿ ತೆರೆದರು. ಇಲ್ಲಿ ಗಿರಾಕಿಯೇ ಸರಕನ್ನು ಆರಿಸಿಕೊಳ್ಳಬೇಕಿತ್ತು. ಸರಕು ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು, ಪೊಟ್ಟಣದ ಗಾತ್ರ ಬದಲಾದಂತೆ ಹಲಗೆಯ ಎತ್ತರವೂ ಬದಲಾಗಬೇಕು. ಮೊಳೆ ಹೊಡೆದ ಕಪಾಟಿಗೆ ಇದು ಸಾಧ್ಯವಿರಲಿಲ್ಲ.

ಆಸ್ಟ್ರೇಲಿಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಎಂಜಿನಿಯರ್ ಡಿಮಿಟ್ರಿಯಸ್ ಕೊಮಿನೊ, ಬೇಕಾದಂತೆ ಬಿಚ್ಚಿ ಕಟ್ಟಬಹುದಾದ ಚೌಕಟ್ಟಿನ ಅಗತ್ಯವನ್ನು ತಮ್ಮ ಕೆಲಸದಲ್ಲೇ ಕಂಡರು. 1947ರಲ್ಲಿ ಅವರ 'ಡೆಕ್ಸಿಯಾನ್' ಸ್ಲಾಟೆಡ್ ಆಂಗಲ್ ಮಾರುಕಟ್ಟೆಗೆ ಬಂತು. ಉದ್ದಕ್ಕೂ ಗಂಡಿಗಳಿರುವ, ಎಲ್ ಆಕಾರದ ಉಕ್ಕಿನ ಪಟ್ಟಿಯನ್ನು ಕತ್ತರಿಸಿ ಬೋಲ್ಟು ಹಾಕಿದರಾಯಿತು. ನಮ್ಮ ಕಾಲೇಜುಗಳ ಗ್ರಂಥಾಲಯ, ಉಗ್ರಾಣಗಳಲ್ಲಿ ಕಾಣುವ ರ್‍ಯಾಕುಗಳು ಇದೇ ಬಗೆಯವು.

ಅಂಗಡಿಗಳಲ್ಲಿ ಬಳಸುವ 'ಗೊಂಡೋಲ' ರ್‍ಯಾಕಿನಲ್ಲಿ ಹಲಗೆಗಳಿಗೆ ಬೋಲ್ಟೂ ಬೇಡ. ಇದರ ಮುಖ್ಯ ಭಾಗಗಳು ಐದು: ಕಂಬ, ಪಾದ, ಹಿಂಬದಿಯ ಫಲಕ, ಬ್ರಾಕೆಟ್ ಮತ್ತು ಹಲಗೆ. ಬ್ರಾಕೆಟ್ಟಿನ ಕೊಕ್ಕೆಗಳು ಕಂಬದ ಗಂಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಹೊರೆ ಹೇರಿದಾಗ ಹಿಡಿತ ಬಿಗಿಯಾಗುತ್ತದೆ. ನಡುವಿನ ಪ್ರತಿ ಕಂಬವೂ ಎರಡೂ ಪಕ್ಕದ ಹಲಗೆಗಳನ್ನು ಹೊರುವುದರಿಂದ ಹತ್ತು ಅಂಕಣಗಳ ಸಾಲಿಗೆ 20 ಕಂಬ ಬೇಡ, 11 ಸಾಕು.

ಈಗ ಸ್ವಲ್ಪ ಲೆಕ್ಕ ಮಾಡೋಣ. 40 ಸೆಂ.ಮೀ. ಅಗಲದ ಹಲಗೆಯ ಮೇಲೆ 40 ಕಿ.ಗ್ರಾಂ. ಸರಕು ಸಮನಾಗಿ ಹರಡಿದೆ ಎನ್ನಿ. ಎರಡು ಬ್ರಾಕೆಟ್ಟುಗಳಲ್ಲಿ ಒಂದೊಂದರ ಪಾಲು ಸುಮಾರು 200 ನ್ಯೂಟನ್. ಅದು ಕಂಬದಿಂದ 20 ಸೆಂ.ಮೀ. ದೂರದಲ್ಲಿ ವರ್ತಿಸುವುದರಿಂದ ಉಂಟಾಗುವ ಟಾರ್ಕ್ 40 ನ್ಯೂಟನ್-ಮೀಟರ್. ಮೇಲಿನ ಕೊಕ್ಕೆ ಕಂಬವನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನ ತುದಿ ಒಳಕ್ಕೆ ಒತ್ತುತ್ತದೆ. ಇವೆರಡರ ಅಂತರ 5 ಸೆಂ.ಮೀ. ಆದರೆ ಎಳೆತ 800 ನ್ಯೂಟನ್, ಅಂದರೆ ಹೊತ್ತ ಭಾರದ ನಾಲ್ಕು ಪಟ್ಟು! ಅಗಲವನ್ನು 60 ಸೆಂ.ಮೀ.ಗೆ ಹೆಚ್ಚಿಸಿ ಅದೇ ಸಾಂದ್ರತೆಯಲ್ಲಿ ಸರಕು ತುಂಬಿದರೆ ಹೊರೆಯೂ ದೂರವೂ ಒಂದೂವರೆ ಪಟ್ಟಾಗಿ, ಎಳೆತ 2.25 ಪಟ್ಟಾಗುತ್ತದೆ. ಹಲಗೆ ಹಿಡಿಸುವಷ್ಟನ್ನೆಲ್ಲ ಕೊಕ್ಕೆ ಹೊರಲಾರದು. ತಯಾರಕರು ಸೂಚಿಸುವ ಹೊರೆಯ ಮಿತಿಯನ್ನು ಮೀರಬಾರದು ಎನ್ನುವುದು ಇದಕ್ಕಾಗಿಯೇ.

ಪಾದದ ಕೆಲಸ ಬೇರೆ. ಒಂದೇ ಬದಿಯ ರ್‍ಯಾಕಿನ ಗುರುತ್ವಕೇಂದ್ರ ಕಂಬಕ್ಕಿಂತ ಮುಂದಿರುತ್ತದೆ. ಅಲ್ಲಿಂದ ಎಳೆದ ಲಂಬರೇಖೆ ಪಾದದ ಒಳಗೇ ಬೀಳಬೇಕು, ಇಲ್ಲವಾದರೆ ರ್‍ಯಾಕು ಮಗುಚುತ್ತದೆ. ಭಾರದ ಸರಕನ್ನು ಕೆಳಗಿಡುವ ರೂಢಿ ಇದೇ ತತ್ತ್ವಕ್ಕೆ ಸೇರಿದ್ದು.

ಅಂತರದ ವಿಷಯಕ್ಕೇ ಮರಳೋಣ. ಕೆಲವು ರ್‍ಯಾಕುಗಳಲ್ಲಿ ಗಂಡಿಗಳ ಅಂತರ ಒಂದು ಅಂಗುಲ, ಅಂದರೆ 25.4 ಮಿ.ಮೀ.; ಮತ್ತೆ ಕೆಲವದರಲ್ಲಿ 25 ಮಿ.ಮೀ. ವ್ಯತ್ಯಾಸ ಅತ್ಯಲ್ಪ. ಆದರೆ ಎರಡೂ ಬಗೆಯ ಒಂದೊಂದು ಕಂಬ ನಿಲ್ಲಿಸಿ, ನಲವತ್ತು ಅಂತರಗಳ ಮೇಲೆ ಹಲಗೆ ಕೂರಿಸಿದರೆ ಅದು 16 ಮಿ.ಮೀ. ಓರೆಯಾಗುತ್ತದೆ. ಕೊಕ್ಕೆಗಳೂ ಸರಿಯಾಗಿ ಕೂರದೆ ಇಡೀ ಹೊರೆ ಒಂದರ ಮೇಲೆಯೇ ಬೀಳಬಹುದು. ಬಿಡಿಭಾಗಗಳನ್ನು ಬೆರೆಸುವ ಮೊದಲು ಅಳೆಯಬೇಕು.

ಸನ್ನೆ, ಬಲಯುಗ್ಮ, ಗುರುತ್ವಕೇಂದ್ರಗಳನ್ನು ಕಲಿಸುವ ಶಿಕ್ಷಕರಿಗೆ ಹೊಸ ಉಪಕರಣವೇನೂ ಬೇಕಿಲ್ಲ. ಒಂದು ಅಳತೆಪಟ್ಟಿಯೊಂದಿಗೆ ವಿದ್ಯಾರ್ಥಿಗಳನ್ನು ಹತ್ತಿರದ ಅಂಗಡಿಗೆ ಕರೆದೊಯ್ದರೆ ಸಾಕು.