ಸಹಿ ಹಾಕುವ ಮೊದಲು ಶಿರಹಟ್ಟಿಯನ್ನು ನೆನೆಯಿರಿ

ಕೆಲಸ ಹೋಗುತ್ತೆ ಅಂತ ಗೊತ್ತಾದ ಮನುಷ್ಯ ಮೊದಲು ಕಳೆದುಕೊಳ್ಳೋದು ನಿದ್ದೆ. ಪತ್ರ ಇನ್ನೂ ಕೈಗೆ ಬಂದಿರಲ್ಲ. ಆದರೆ ಮೀಟಿಂಗಿಗೆ ಕರೆಯೋದು ನಿಂತಿರುತ್ತೆ. ಮೇಲಿನವರು ಕಣ್ಣು ತಪ್ಪಿಸಿ ಓಡಾಡ್ತಿರ್ತಾರೆ. ಆಮೇಲೊಂದು ದಿನ ಒಳಗೆ ಕರೆದು, ಬಾಗಿಲು ಹಾಕಿ, "ನೀವೇ ರಾಜೀನಾಮೆ ಬರೆದುಕೊಟ್ಟರೆ ನಿಮಗೂ ಮರ್ಯಾದೆ, ನಮಗೂ ಮರ್ಯಾದೆ" ಅಂತಾರೆ. ಮುಂದೆ ಒಂದು ಹಾಳೆ, ಪಕ್ಕದಲ್ಲಿ ಒಂದು ಪೆನ್ನು.

ಆಗ ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಮ್ಯಾನೇಜ್‌ಮೆಂಟ್ ಪುಸ್ತಕಗಳೇ ಬೇಕಿಲ್ಲ. ನಮ್ಮ ಗದಗ ಜಿಲ್ಲೆಯ ಚರಿತ್ರೆ ಸಾಕು. ಕುರ್ಚಿ ಹೋಗುವ ಸಂಕಟವನ್ನು ಈ ನೆಲ ತೊಂಬತ್ತು ವರ್ಷಗಳ ಅಂತರದಲ್ಲಿ ಎರಡು ಸಲ ನೋಡಿದೆ. ಮೊದಲ ಸಲ ಯಾರ ಮುಂದೆಯೂ ಹಾಳೆ ಇಡಲಿಲ್ಲ. ಎರಡನೇ ಸಲ ಇಟ್ಟರು. ವ್ಯತ್ಯಾಸ ಇರೋದು ಅಲ್ಲೇ.

ಮೊದಲನೆಯದು 1858. ಮುಂಡರಗಿಯ ಭೀಮರಾಯ ನಾಡಗೀರರ ಹೆಸರು ಕೇಳಿದ್ದೀರಿ. ನಮಗೆ ಅವರು ಸ್ವಾತಂತ್ರ್ಯದ ಕಲಿ. ಆದರೆ ಅದಕ್ಕೂ ಮೊದಲು ಅವರು ಬ್ರಿಟಿಷ್ ಸರ್ಕಾರದ ನೌಕರ. ಬಳ್ಳಾರಿ ಸೀಮೆಯಲ್ಲಿ ತಹಶೀಲ್ದಾರರಾಗಿದ್ದವರು. ಆ ನೌಕರಿಯಿಂದ ಅವರನ್ನು ತೆಗೆದುಹಾಕಿದರು. ಪಕ್ಕದ ನರಗುಂದದಲ್ಲಿ ಬಾಬಾಸಾಹೇಬರ ಕಥೆಯೂ ಹತ್ತಿರ ಹತ್ತಿರ ಅಂಥದ್ದೇ. ಅವರಿಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು, ಕಂಪನಿ ಸರ್ಕಾರ ಆಗಲ್ಲ ಅಂದಿತು. ಅಂದರೆ ಏನರ್ಥ? ನಿಮ್ಮ ನಂತರ ಈ ಸಂಸ್ಥಾನವೇ ಇಲ್ಲ ಅಂತ. ಕಣ್ಣೆದುರೇ ಮನೆತನದ ಅಧಿಕಾರಕ್ಕೆ ಕೊನೆಯ ದಿನ ಗೊತ್ತುಮಾಡಿದ ಹಾಗೆ.

ಇವರು ಯಾರ ಜೊತೆ ಮಾತಾಡಬೇಕಿತ್ತು ಹೇಳಿ? ಬಾಗಿಲು ತಟ್ಟಿದರೆ ತೆರೆಯೋರಿರಲಿಲ್ಲ. ಅದರ ಮೇಲೆ 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಜೊತೆ ಸೇರಿ ದಂಗೆ ಎದ್ದರು. ಡಂಬಳದ ಖಜಾನೆಗೆ ನುಗ್ಗಿದರು, ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಅದೇ ಕೋಟೆಯಲ್ಲಿ ಹೋರಾಡುತ್ತಾ ಪ್ರಾಣ ಬಿಟ್ಟರು. ನರಗುಂದದ ಕಡೆಯವರು ಮೇ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್‌ನಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಭೀಮರಾಯರು ಬರೀ ನೌಕರಿ ಹೋಗಿದ್ದಕ್ಕೆ ಕತ್ತಿ ಹಿಡಿದರು ಅಂದರೆ ಅದು ಅವರಿಗೆ ಮಾಡುವ ಅವಮಾನ. ಹಾಗೆ ನಾನು ಹೇಳುತ್ತಿಲ್ಲ. ಹೇಳುತ್ತಿರೋದು ಇಷ್ಟೇ: ಆ ಕಾಲದ ಸರ್ಕಾರಕ್ಕೆ ಇವರ ಒಪ್ಪಿಗೆ ಬೇಕಿರಲಿಲ್ಲ. ಇವರ ಸಹಿ ಇಲ್ಲದೆಯೇ ಕೆಲಸ ಆಗುತ್ತಿತ್ತು. ನಿಮ್ಮ ಸಹಿ ಯಾರಿಗೂ ಬೇಡ ಅಂದಮೇಲೆ ಮಾತುಕತೆ ಎಲ್ಲಿಂದ ಬರಬೇಕು?

ಈಗ 1948ಕ್ಕೆ ಬನ್ನಿ. ಅದಕ್ಕೂ ಮುಂಚೆ ಆಗಿನ ನಕ್ಷೆಯನ್ನು ಸ್ವಲ್ಪ ನೋಡಬೇಕು. ಇವತ್ತು ಗದಗ-ಬೆಟಗೇರಿಯಿಂದ ಬಸ್ ಹತ್ತಿದರೆ ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲಾ ಒಂದೇ ಜಿಲ್ಲೆ. ಆಗ ಹಾಗಿರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ್ ಹಿರಿಯ ಸಂಸ್ಥಾನದ್ದು. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನ ಮನೆತನದವರು. ಫಕೀರೇಶ್ವರ ಮಠದ ಊರಿನ ಕಂದಾಯ, ಸೋಮೇಶ್ವರ ಗುಡಿಯ ಊರಿನ ಕಂದಾಯ, ಎರಡೂ ಇನ್ನೂರು ಕಿಲೋಮೀಟರ್‌ಗೂ ಆಚೆಯ ರಾಜಧಾನಿಗಳ ಲೆಕ್ಕಕ್ಕೆ ಸೇರುತ್ತಿದ್ದವು!

ಸ್ವಾತಂತ್ರ್ಯ ಬಂತು. ರಾಜರಿಗೆ ಗೊತ್ತಾಯಿತು, ಕುರ್ಚಿ ಅಲ್ಲಾಡ್ತಿದೆ ಅಂತ. ಮೊದಲು ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಹೇಗಾದರೂ ಉಳಿಸಿಕೊಳ್ಳೋಣ ಅಂತ ದಖ್ಖನ್‌ನ ಕೆಲವು ಸಂಸ್ಥಾನಿಕರು ಒಟ್ಟು ಸೇರಿ ಒಂದು ಒಕ್ಕೂಟ ಕಟ್ಟಲು ಹೊರಟರು. ಆದರೆ ಪುಟ್ಟ ಪುಟ್ಟ ಸಂಸ್ಥಾನಗಳು, ಒಂದರ ಊರು ಇನ್ನೊಂದರ ಹೊಟ್ಟೆಯಲ್ಲಿ. ಜನರಿಗೂ ರಾಜರ ಆಳ್ವಿಕೆ ಸಾಕಾಗಿತ್ತು. ಒಕ್ಕೂಟ ನಿಲ್ಲಲಿಲ್ಲ. ಇದರ ನಡುವೆ ಇನ್ನೊಬ್ಬ ಪಟವರ್ಧನರು, ಜಮಖಂಡಿಯ ರಾಜರು, ಒಕ್ಕೂಟದ ಗೊಡವೆಯೇ ಬೇಡ, ನಾನು ವಿಲೀನಕ್ಕೆ ತಯಾರು ಅಂತ ಮುಂದೆ ಬಂದಿದ್ದರು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವರಿಗೆ ಗೊತ್ತಾಗಿತ್ತು.

ಸರ್ದಾರ್ ಪಟೇಲ್ ಮತ್ತು ವಿ.ಪಿ. ಮೆನನ್ ಜೋಡಿ ಆಗ ಮಾಡಿದ್ದೇನು? ರಾಜರ ಮುಂದೆ ಹಾಳೆ ಇಟ್ಟರು. ಒತ್ತಡ ಇತ್ತು, ಖಂಡಿತ ಇತ್ತು. ಆದರೂ ಕಾನೂನಿನ ಪ್ರಕಾರ ರಾಜನ ಸಹಿ ಬೇಕಾಗಿತ್ತು. ಬೇಕಾಗಿದ್ದಕ್ಕೇ ಅದಕ್ಕೊಂದು ಬೆಲೆ ಬಂತು. ಒಪ್ಪಂದದಲ್ಲಿ ನಾಲ್ಕು ಸಂಗತಿಗಳನ್ನು ಬರೆದರು. ಆಡಳಿತ ಬಿಟ್ಟುಕೊಡುವ ದಿನಾಂಕ. ವರ್ಷಕ್ಕೆ ಇಷ್ಟು ಅಂತ ರಾಜಧನ. ಸಂಸ್ಥಾನದ ಆಸ್ತಿ ಬೇರೆ, ರಾಜನ ಸ್ವಂತ ಆಸ್ತಿ ಬೇರೆ ಅಂತ ಪಟ್ಟಿ. ಕೊನೆಗೆ ಬಿರುದು, ಗೌರವ, ಉತ್ತರಾಧಿಕಾರ.

ರಾಜಧನಕ್ಕೂ ಸೂತ್ರ ಇತ್ತು. ಸಂಸ್ಥಾನದ ವಾರ್ಷಿಕ ಆದಾಯದಲ್ಲಿ ಮೊದಲ 1 ಲಕ್ಷಕ್ಕೆ ಶೇ. 15, ಮುಂದಿನ 4 ಲಕ್ಷಕ್ಕೆ ಶೇ. 10, ಅದಕ್ಕೂ ಮೇಲಿದ್ದರೆ ಶೇ. 7.5. ಆದಾಯ 5 ಲಕ್ಷ ಅಂತಿಟ್ಟುಕೊಳ್ಳಿ. 15 ಸಾವಿರ, ಪ್ಲಸ್ 40 ಸಾವಿರ, ಒಟ್ಟು 55 ಸಾವಿರ. ಯಾರ ದಯೆಯೂ ಅಲ್ಲ, ಯಾರ ಮುನಿಸೂ ಅಲ್ಲ. ಲೆಕ್ಕ.

1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಶಿರಹಟ್ಟಿ, ಲಕ್ಷ್ಮೇಶ್ವರ ಧಾರವಾಡ ಜಿಲ್ಲೆಗೆ ಬಂದವು. 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಗದಗ ಜಿಲ್ಲೆ. ತಲೆಮಾರುಗಳ ಕಾಲ ಆಳಿದ ಮನೆತನ ಇಳಿಯಿತು, ಒಂದು ಗುಂಡೂ ಹಾರಲಿಲ್ಲ.

ರಾಜರ ಮಾತಾಯಿತು. ಕಚೇರಿಯ ಕಾರಕೂನನ ಗತಿ? ಶಾಲೆಯ ಮಾಸ್ತರರ ಗತಿ? ಇದು ದೊಡ್ಡ ಪ್ರಶ್ನೆ. 1949ರ ಮಣಿಪುರ ವಿಲೀನ ಒಪ್ಪಂದ ತೆಗೆದು ನೋಡಿ. ಕಾಯಂ ನೌಕರರನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಮುಂದುವರಿಸಬೇಕು, ಇಲ್ಲವೇ ನ್ಯಾಯವಾದ ಪರಿಹಾರ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹೋಗುವ ದೊಡ್ಡವರು ತಮ್ಮ ಕೈಕೆಳಗಿನವರ ಹೆಸರನ್ನೂ ಹಾಳೆಯ ಮೇಲೆ ತರಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಈಗ ನಿಮ್ಮ ಮುಂದಿರುವ ಹಾಳೆಗೆ ಬರೋಣ. ಕಂಪನಿ ನಿಮ್ಮ ರಾಜೀನಾಮೆ ಕೇಳುತ್ತಿದೆ ಅಂದರೆ ನೀವು 1858ರಲ್ಲಿಲ್ಲ, 1948ರಲ್ಲಿದ್ದೀರಿ. ಅವರಿಗೆ ನಿಮ್ಮ ಸಹಿ ಬೇಕಾಗಿದೆ. ಯಾಕೆ ಬೇಕು? ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲೊಂದು ತಿದ್ದುಪಡಿ ಬಂತು. ವರ್ಷ ತುಂಬಿದ ಕಾರ್ಮಿಕನನ್ನು ಹೆಚ್ಚುವರಿ ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳ ಅಂತ ಅದು ಹೇಳಿತು. ನೋಡಿ, ರಾಜನಿಗೆ ಶೇ. 15, ಕಾರ್ಮಿಕನಿಗೆ 15 ದಿನ! ಆದರೆ ನೀವೇ ರಾಜೀನಾಮೆ ಕೊಟ್ಟರೆ ನಿಮ್ಮನ್ನು ಯಾರೂ ತೆಗೆದ ಹಾಗಾಗಲಿಲ್ಲ. ಆ ಪರಿಹಾರದ ಹಕ್ಕು ಅಲ್ಲಿಗೆ ಮುಗಿಯಿತು. ಅವರು ಹೇಳುವ ಮರ್ಯಾದೆಗೆ ಇಂಥದ್ದೊಂದು ಬೆಲೆ ಇರುತ್ತೆ. ಮ್ಯಾನೇಜರ್ ದರ್ಜೆಯವರಿಗೆ ಈ ರಕ್ಷಣೆಯೂ ಇರಲಿಲ್ಲ, ಅವರಿಗೆ ನೇಮಕಾತಿ ಪತ್ರದಲ್ಲಿ ಬರೆದದ್ದೇ ಆಧಾರ.

ಹಾಗಂತ ರಾಜೀನಾಮೆ ಕೊಡಲೇಬಾರದು ಅಂತಲ್ಲ. ಎಷ್ಟೋ ಸಲ ಅದೇ ಒಳ್ಳೇ ದಾರಿ. ಮುಂದಿನ ಕೆಲಸಕ್ಕೆ ಹೋದಾಗ "ತೆಗೆದರು" ಅನ್ನೋದಕ್ಕಿಂತ "ಬಿಟ್ಟೆ" ಅನ್ನೋದು ಹಗುರ. ಆದರೆ ಷರತ್ತು ಬರೆಯೋ ಮೊದಲು ಸಹಿ ಹಾಕಬೇಡಿ. ಎರಡು ದಿನ ಟೈಮ್ ಕೇಳಿ. ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ವಿಷಯ ಹೇಳಿ, ಮುಚ್ಚಿಡಬೇಡಿ. ಆಮೇಲೆ ಆ ನಾಲ್ಕು ಸಂಗತಿಗಳನ್ನೇ ಹಿಡಿದು ಕೂತುಕೊಳ್ಳಿ. ಕೊನೆಯ ದಿನ ಯಾವುದು? ಕೈಗೆ ಬರುವ ದುಡ್ಡು ಎಷ್ಟು, ಯಾವಾಗ? ನಿಮ್ಮದೇ ಆದ ಪಿಎಫ್, ಉಳಿದ ರಜೆಯ ದುಡ್ಡು, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಇವನ್ನು ಅವರು "ಪ್ಯಾಕೇಜ್" ಅಂತ ಕರೆದು ನಿಮಗೇ ಉಡುಗೊರೆ ಕೊಡುತ್ತಿಲ್ಲ ತಾನೇ? ಅನುಭವದ ಪತ್ರದಲ್ಲಿ ಏನು ಬರೆಯುತ್ತಾರೆ? ನೀವು ತಂಡದ ಮುಖ್ಯಸ್ಥರಾಗಿದ್ದರೆ, ಕೈಕೆಳಗಿನ ಹುಡುಗರ ಬಗ್ಗೆಯೂ ಒಂದು ಮಾತು ಕೇಳಿ.

ಕೊನೆಯ ಮಾತು. ರಾಜಧನ ಸಂವಿಧಾನದ 291ನೇ ವಿಧಿಯಲ್ಲೇ ಸೇರಿತ್ತು. ಅದಕ್ಕಿಂತ ಗಟ್ಟಿ ಭರವಸೆ ಉಂಟಾ? ಆದರೂ 1971ರಲ್ಲಿ 26ನೇ ತಿದ್ದುಪಡಿ ಬಂತು, ರಾಜಧನ ಹೋಯಿತು. ಒಪ್ಪಂದವನ್ನೇ ನಂಬಿ ಕೂತವರು ದಿಕ್ಕೆಟ್ಟರು. ನಡುವಿನ ಇಪ್ಪತ್ಮೂರು ವರ್ಷಗಳಲ್ಲಿ ಹೊಸ ಬದುಕು ಕಟ್ಟಿಕೊಂಡವರು ಉಳಿದರು. ಕಂಪನಿ ಕೊಡುವ ಮೂರು ತಿಂಗಳ ಸಂಬಳವೂ ಅಷ್ಟೇ. ಅದು ಪಿಂಚಣಿಯಲ್ಲ, ಕಾಲಾವಕಾಶ. ಜಗಳ ಆಡಿ ಬೇಕಾದರೂ ಅದನ್ನು ಬರೆಸಿಕೊಳ್ಳಿ. ಬರೆಸಿಕೊಂಡ ಮರುದಿನ ಬೆಳಿಗ್ಗೆಯೇ ಮುಂದಿನ ಕೆಲಸ ಹುಡುಕಲು ಹೊರಡಿ.