ಪಲ್ಟಣ ಬಿಟ್ಟ ಮೇಲಿನ ನೌಕರಿ

"ರಜತ ಮಹೋತ್ಸವದ ಸಂಚಿಕೆಗೆ ನಿಮ್ಮ ಯುದ್ಧದ ಅನುಭವ ಬರೆದುಕೊಡಿ ಹವಾಲ್ದಾರ್ರೇ" ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದರು. ನಾನು ಯುದ್ಧ ಕಂಡವನಲ್ಲ, ಇಪ್ಪತ್ತು ವರ್ಷ ಸಿಗ್ನಲ್ಸ್‌ನಲ್ಲಿ ತಂತಿ ಎಳೆದವನು. ಕಷ್ಟ ಕಂಡದ್ದು ಊರಿಗೆ ಬಂದ ಮೇಲೆ. ಆದ್ದರಿಂದ ಆ ಕಷ್ಟದ ಚರಿತ್ರೆಯನ್ನೇ ಸದಸ್ಯ ಬಾಂಧವರ ಮುಂದೆ ಇಡುತ್ತೇನೆ.

ಒಂದು ಕಾಲಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರೆಲ್ಲ ಜಿಲ್ಲಾ ಕೇಂದ್ರದ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಹೆಸರು ಬರೆಸಿ ಬರುತ್ತಿದ್ದರು. ಆ ಕಚೇರಿ ಹುಟ್ಟಿದ್ದೇ ಸಿಪಾಯಿಗಳಿಗಾಗಿ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನ್ಯ 25 ಲಕ್ಷದಷ್ಟು ಬೆಳೆದಿತ್ತು. ಯುದ್ಧ ಮುಗಿಯಿತು, ಇಷ್ಟು ಜನ ಬೇಡವಾದರು. ಇವರಿಗೂ ಯುದ್ಧದ ಕಾರ್ಖಾನೆಗಳಿಂದ ಹೊರಬಿದ್ದ ಕೆಲಸಗಾರರಿಗೂ ದಾರಿ ಮಾಡಿಕೊಡಲು ಸರ್ಕಾರ 1945ರ ಜುಲೈನಲ್ಲಿ ಪುನರ್ವಸತಿ ಮತ್ತು ಉದ್ಯೋಗದ ಇಲಾಖೆ ತೆರೆಯಿತು. ಅದರ ಕಚೇರಿಗಳೇ ಈ ವಿನಿಮಯ ಕೇಂದ್ರಗಳು. ಬೇರೆಯವರಿಗೆ ಬಾಗಿಲು ತೆರೆದದ್ದು 1948ರಲ್ಲಿ. 1947ರ ಹೊತ್ತಿಗೆ ಸೈನ್ಯದಲ್ಲಿ ಉಳಿದವರು ಸುಮಾರು 4 ಲಕ್ಷ. ಮಿಕ್ಕವರು ತಗಡಿನ ಪೆಟ್ಟಿಗೆ ಹೊತ್ತು ಮನೆ ದಾರಿ ಹಿಡಿದರು. ಪೆನ್ಷನ್ ಬೇಕಾದರೆ ಸಿಪಾಯಿಗೆ 15 ವರ್ಷದ ಸೇವೆ ಆಗಬೇಕು. ಯುದ್ಧಕ್ಕೆಂದು ಸೇರಿದವರಿಗೆ ನಾಲ್ಕೈದು ವರ್ಷವೂ ಆಗಿರಲಿಲ್ಲ. ಅಂಥವರಲ್ಲಿ ಎಷ್ಟೋ ಮಂದಿ ಬರ್ಮಾದ ಕಾಡಿನ ಕಥೆ ಹೇಳುತ್ತಾ, ಪೆನ್ಷನ್ನಿಲ್ಲದೇ ಕಣ್ಣು ಮುಚ್ಚಿದರು.

ನಮ್ಮ ಕಾಲಕ್ಕೆ ಪೆನ್ಷನ್ ಸಿಕ್ಕಿತು. ಆದರೆ ಬೇರೆ ನೌಕರರು 58, 60ಕ್ಕೆ ನಿವೃತ್ತರಾದರೆ, ಸಿಪಾಯಿಯಾಗಿಯೇ ಉಳಿದವನು 35ರಿಂದ 40ರೊಳಗೆ ಮನೆಗೆ ಬರುತ್ತಾನೆ. ಮಕ್ಕಳು ಆಗಿನ್ನೂ ಮಿಡ್ಲ್‌ಸ್ಕೂಲು. ಇದನ್ನರಿತೇ 1979ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು: ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 10, ಡಿ ಗುಂಪಿನಲ್ಲಿ ನೂರಕ್ಕೆ 20 ಮಾಜಿ ಸೈನಿಕರಿಗೆ. ವಯಸ್ಸಿನಲ್ಲೂ ರಿಯಾಯಿತಿ ಉಂಟು. ಈಗಿನ ವಯಸ್ಸಿನಿಂದ ಸೈನ್ಯದ ಸೇವೆಯ ವರ್ಷ ಕಳೆಯಬೇಕು. ಉಳಿದದ್ದು ಆ ಹುದ್ದೆಯ ಗರಿಷ್ಠ ವಯಸ್ಸಿಗಿಂತ ಮೂರು ವರ್ಷಕ್ಕೆ ಮಿಕ್ಕಿ ಹೆಚ್ಚಿರಬಾರದು.

ಈ ಲೆಕ್ಕದಲ್ಲೇ ನಾನು ಕೆಟ್ಟದ್ದು. 2004ರಲ್ಲಿ, ತಾಯಿಗೆ ಹುಷಾರಿಲ್ಲವೆಂದು ಅರ್ಜಿ ಹಾಕಿ ಬಿಡಿಸಿಕೊಂಡು ಬಂದಾಗ ನನಗೆ 39. ಇಪ್ಪತ್ತು ಕಳೆದರೆ 19! ಕಾಗದದ ಮೇಲೆ ಮೀಸೆ ಚಿಗುರುವ ಹುಡುಗ. ಆದರೆ ನನಗೆ ಆಗ ನೌಕರಿ ಬೇಕಿರಲಿಲ್ಲ. ಕೈಗೆ ಬಂದ ಇಡಿಗಂಟಿಗೆ ನಮ್ಮ ಸಂಘದ ಸಾಲವನ್ನೂ ಸೇರಿಸಿ ಬೋರ್ ಕೊರೆಸಿದೆ. ಕೆಲವು ವರ್ಷ ನೀರು ಬಂತು, ಆಮೇಲೆ ಬರೀ ಗಾಳಿ. ಸಾಲದ ಕಂತು ಪೆನ್ಷನ್ನಿನಲ್ಲಿ ತೀರಿತೆನ್ನಿ. 2016ರಲ್ಲಿ, 51ಕ್ಕೆ, ಒಂದು ಕಚೇರಿಯ ಹುದ್ದೆಗೆ ಅರ್ಜಿ ಒಯ್ದೆ. ಗರಿಷ್ಠ ವಯಸ್ಸು 27, ಮೂರು ಸೇರಿದರೆ 30. ನನ್ನದು 51ರಲ್ಲಿ 20 ಹೋಗಿ 31. "ಒಂದೇ ವರ್ಷ ಹೆಚ್ಚಾಯ್ತಲ್ಲ ಯಜಮಾನ್ರೇ" ಎಂದು ಗುಮಾಸ್ತರು ಅರ್ಜಿ ಹಿಂದಕ್ಕೆ ಕೊಟ್ಟರು. ಅವರ ತಪ್ಪೇನೂ ಇಲ್ಲ. ಪಲ್ಟಣದ ವರ್ಷ ಕಳೆಯುತ್ತಾರೆ, ಊರಲ್ಲಿ ಕಾದ ವರ್ಷವನ್ನು ಯಾರೂ ಕಳೆಯುವುದಿಲ್ಲ. ಆಮೇಲೆ ಆರು ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡಿದೆ. ಅಲ್ಲಿ ಸಿಕ್ಕವರಲ್ಲಿ ಸುಬೇದಾರರೂ ಇದ್ದರು. ರಾತ್ರಿ ಹೊತ್ತು ಗೇಟು ತೆಗೆಯುವಾಗ ಸುಬೇದಾರನೂ ಒಂದೇ, ಸಿಪಾಯಿಯೂ ಒಂದೇ.

ಇನ್ನೊಂದು ಸಂಗತಿ. ಆರನೇ ವೇತನ ಆಯೋಗದ ನಂತರ ಕೇಂದ್ರದಲ್ಲಿ ಡಿ ಗುಂಪನ್ನು ಸಿ ಗುಂಪಿಗೆ ಸೇರಿಸಿಬಿಟ್ಟರು. ಜವಾನ, ಕಾವಲುಗಾರರ ಸಂಬಳ ಏರಿತು, ಸಂತೋಷವೇ. ಆದರೆ ನೂರಕ್ಕೆ 20 ಎಂದು ನಮಗಿಟ್ಟ ಡಿ ಗುಂಪಿನ ಹೆಸರೇ ಹೋಯಿತು. ಇದರ ಬಗ್ಗೆ ಹೆಚ್ಚು ಮಾತಾಡಿದವರನ್ನು ನಾನು ಕಾಣೆ.

2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ನೂರಕ್ಕೆ 25ರಷ್ಟು ಮಂದಿಯನ್ನು ಮಾತ್ರ ಮುಂದೆ ಇಟ್ಟುಕೊಳ್ಳುವುದು, ಉಳಿದವರಿಗೆ ಗಂಟು ಹಣ, ಪೆನ್ಷನ್ ಇಲ್ಲ. 1945ರವರ ಹಾಗೆಯೇ ಎಂದು ನಾನು ಅನ್ನಲಾರೆ, ಇವರಿನ್ನೂ ಎಳೆಯರು. ಆದರೂ ನಮ್ಮೂರಿನ ಹುಡುಗರು ಬರುವ ಮುಂಚೆ ಅವರ ಮನೆಯವರು ಬಂದು ನನ್ನ ಹತ್ತಿರ ಮಾತಾಡಲಿ.

ಪೆನ್ಷನ್‌ಗೆ ಬರುವವರಿಗೆ ಎರಡು ಮಾತು. ಬಿಡುಗಡೆಗೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು ಅವಕಾಶವಿದೆ, ಬೋರ್ ಆಮೇಲೆ ಕೊರೆಸಬಹುದು. ಮೆಟ್ರಿಕ್ ಆಗಿ 15 ವರ್ಷ ಸೇವೆ ಮಾಡಿದ್ದರೆ, ಪದವಿ ಕೇಳುವ ಸಿ ಗುಂಪಿನ ಹುದ್ದೆಗಳಿಗೂ ಪದವೀಧರರೆಂದು ಪರಿಗಣಿಸಬಹುದು. ನನಗೆ ಇದು ತಿಳಿದಾಗ ತಡವಾಗಿತ್ತು. ಗುರುವಾರ ಸಂಜೆ ಸಂಘದ ಕಟ್ಟೆಯ ಮೇಲೆ ಕೂತಿರುತ್ತೇನೆ. ಡಿಸ್ಚಾರ್ಜ್ ಬುಕ್ಕು, ಪೆನ್ಷನ್ ಕಾಗದದ ಎರಡೆರಡು ಜೆರಾಕ್ಸ್ ತನ್ನಿ, ಅರ್ಜಿ ತುಂಬಿಕೊಡುತ್ತೇನೆ.