ಗಿಟಾರಿನ ಅಕ್ಷರಾಭ್ಯಾಸ

ಸಂಗೀತವು ಕಿವಿಯ ವಿದ್ಯೆ, ಗುರುಮುಖದಿಂದಲ್ಲದೆ ಬಾರದು ಎನ್ನುವವರು ಎಲ್ಲ ದೇಶಗಳಲ್ಲಿಯೂ ಉಂಟು. ಅದನ್ನು ಕಣ್ಣಿನ ಮೂಲಕ ಕಲಿಸಲು ಹೊರಟವರಿಗೆ ಪಂಡಿತರ ಮನ್ನಣೆ ಸುಲಭವಾಗಿ ದೊರೆಯುವುದಿಲ್ಲ. ಗಿಟಾರಿನ ಚರಿತ್ರೆ ಇದಕ್ಕೊಂದು ನಿದರ್ಶನ.

ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಗಣ್ಯರ ವಾದ್ಯವೆಂದರೆ ವಿಹುವೆಲ. ಲೂಯಿಸ್ ಮಿಲಾನನು ಅದಕ್ಕಾಗಿ 1536ರಲ್ಲಿ ವೆಲೆನ್ಸಿಯಾದಲ್ಲಿ ಅಚ್ಚುಹಾಕಿಸಿದ 'ಎಲ್ ಮಾಯೆಸ್ತ್ರೊ' ಗ್ರಂಥದಲ್ಲಿ ಸ್ವರಗಳ ಹೆಸರಿಲ್ಲ. ಆರು ಗೆರೆಗಳೆಂದರೆ ಆರು ಜೊತೆ ತಂತಿಗಳು. ಗೆರೆಯ ಮೇಲಿನ ಅಂಕಿ, ಎಷ್ಟನೆಯ ಮೆಟ್ಟಿಲಿನಲ್ಲಿ ಬೆರಳನ್ನೊತ್ತಬೇಕೆಂಬುದರ ಸೂಚನೆ. ಸೊನ್ನೆಯಿದ್ದರೆ ತಂತಿಯನ್ನು ಒತ್ತದೆಯೇ ಮೀಟಬೇಕು. ಇಷ್ಟಾದರೂ ಒಂದೊಂದೇ ಅಂಕಿಯನ್ನು ಓದಿ ನುಡಿಸುವುದು ತಾಳ್ಮೆಯ ಕೆಲಸವೇ ಸರಿ.

ಐದು ಜೊತೆ ತಂತಿಗಳ ಗಿಟಾರ್ ಜನಪ್ರಿಯವಾದಾಗ ಇದಕ್ಕಿಂತ ಸುಲಭವಾದ ದಾರಿ ಹೊಳೆಯಿತು. ಹಲವು ಸ್ವರಗಳು ಒಮ್ಮೆಗೇ ನುಡಿಯುವ ಸ್ವರಮೇಳವನ್ನು, ಗಿಟಾರಿನವರು ಕಾರ್ಡ್ ಎನ್ನುವುದನ್ನು, ಒಂದೇ ಗುರುತಿನಿಂದ ತೋರಿಸಿದರೆ ಸಾಲದೆ? ಕತಲಾನ್ ವೈದ್ಯನಾದ ಅಮಾತನು 1596ರ ತನ್ನ ಕೈಪಿಡಿಯಲ್ಲಿ ಮೇಜರ್ ಹನ್ನೆರಡು, ಮೈನರ್ ಹನ್ನೆರಡು ಸ್ವರಮೇಳಗಳಿಗೆ ಅಂಕಿಗಳನ್ನಿಟ್ಟು ಒಂದು ಚಕ್ರದಲ್ಲಿ ಜೋಡಿಸಿದನು. ಫ್ಲಾರೆನ್ಸಿನಲ್ಲಿ 1606ರಲ್ಲಿ ಮಾಂತೆಸಾರ್ದೊ ಅಂಕಿಗಳಿಗೆ ಬದಲಾಗಿ ಅಕ್ಷರಗಳನ್ನು ಬಳಸಿದನು. ಅವನ 'ಎ' ಇಂದಿನ ಜಿ ಮೇಜರ್. ಅವನ 'ಬಿ' ಇಂದಿನ ಸಿ ಮೇಜರ್! ಆ ಅಕ್ಷರ ಸ್ವರದ ಹೆಸರಲ್ಲ, ಕೈಯ ಭಂಗಿಯ ಹೆಸರು. ಗೆರೆಯ ಕೆಳಗೆ ಕಡ್ಡಿಯೆಳೆದರೆ ಕೆಳಮುಖವಾಗಿ ಮೀಟಬೇಕು, ಮೇಲೆ ಎಳೆದರೆ ಮೇಲ್ಮುಖವಾಗಿ.

ವಿದ್ಯೆ ಇಷ್ಟು ಅಗ್ಗವಾದುದನ್ನು ಕಂಡು ಕೆಲವರು ಮರುಗಿದರು. ನಿಘಂಟುಕಾರ ಕೋವಾರೂಬಿಯಾಸನು 1611ರಲ್ಲಿಯೇ, ವಿಹುವೆಲವನ್ನು ಕಲಿಯುವವರಿಲ್ಲದಂತಾಯಿತು, ಕುದುರೆ ಲಾಯದ ಆಳುಗಳೆಲ್ಲ ಗಿಟಾರ್ ವಾದಕರಾದರು ಎಂದು ಹಳಹಳಿಸಿದನು. ಲಾಯದ ಆಳಿಗೆ ಸಂಗೀತ ಕೈಗೆಟುಕಿದ್ದು ನಷ್ಟವೆಂದು ನಾವು ಒಪ್ಪಬೇಕಾಗಿಲ್ಲ. ಆದರೆ ನಷ್ಟವೇ ಆಗಲಿಲ್ಲವೆನ್ನುವಂತೆಯೂ ಇಲ್ಲ. ಹಾಡಿನ ಮಾತುಗಳ ಮೇಲೆ ಬರಿಯ ಅಕ್ಷರಗಳನ್ನಿಟ್ಟ ಹಸ್ತಪ್ರತಿಗಳು ಹಲವು ಉಳಿದಿವೆ. ಅವುಗಳ ಧಾಟಿ ಬರೆದವರ ಕಿವಿಯಲ್ಲಿತ್ತು, ಪುಟಕ್ಕೆ ಇಳಿಯಲಿಲ್ಲ. ಇಂದು ಅವನ್ನು ತೆರೆದವನಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತದೆ. ಏನು ಹಾಡಬೇಕೆಂದು ತಿಳಿಯುವುದಿಲ್ಲ.

ಗಾಸ್ಪಾರ್ ಸಾನ್ಜ್ ಈ ಕೊರತೆಯನ್ನು ಅರಿತಿದ್ದವನಂತೆ ತೋರುತ್ತದೆ. ಅವನು 1674ರಲ್ಲಿ ಸರಗೋಸಾದಲ್ಲಿ ಪ್ರಕಟಿಸಿದ ಪಾಠಪುಸ್ತಕ ಹೊಸಬರಿಗೆ ಅಕ್ಷರಗಳ ಪಟ್ಟಿಯನ್ನೂ, ಮುಂದುವರಿದವರಿಗೆ ಒಂದೊಂದು ಸ್ವರವನ್ನೂ ಬಿಡಿಸಿ ತೋರಿಸುವ ಅಂಕಿಗಳ ಲಿಪಿಯನ್ನೂ ಒದಗಿಸಿತು.

1920ರ ದಶಕದಲ್ಲಿ ಅಮೆರಿಕದ ಹಾಡುಹಾಳೆಗಳಲ್ಲಿ ಉಕುಲೇಲಿ ವಾದ್ಯಕ್ಕೆಂದು ಚುಕ್ಕಿಯಿಟ್ಟ ಪುಟ್ಟ ಚೌಕುಳಿಗಳು ಅಚ್ಚಾದವು. ಗಿಟಾರಿಗೂ ಅವು ಬಂದವು. ಸಿ, ಎ, ಜಿ, ಇ, ಡಿ ಎಂಬ ಐದು ಭಂಗಿಗಳನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಸರಿಸಿ, ಸ್ವರಶ್ರೇಣಿಗಳನ್ನೂ ಅವುಗಳ ಸುತ್ತಲೇ ಕಲಿಸುವ ಇಂದಿನ ಪದ್ಧತಿಯೂ ಇದೇ ವಂಶದ್ದು. ಗೋಡೆಗೆ ಚಿತ್ರಪಟ ಅಂಟಿಸಿಕೊಂಡು ಗಿಟಾರ್ ಹಿಡಿದ ಮಕ್ಕಳನ್ನು ಹಿರಿಯರು ಗದರಿಸಬೇಕಾಗಿಲ್ಲ. ಬೆರಳು ನೆಲೆ ಕಂಡ ಮೇಲೆ ಒಮ್ಮೆ ಕಣ್ಣು ಮುಚ್ಚಿ ಕೇಳಿರೆಂದು ಹೇಳಿದರೆ ಸಾಕು.